ಕಣದಲ್ಲಿ ಮುಳುಗದ ಮನೆ

ಹಾಸನದ ನಮ್ಮ ಮನೆಯ ಬಾಗಿಲಿಗೆ ಮೊನ್ನೆ ವಾರ್ನಿಷ್ ಬಳಿದರು. ವಾಸನೆ ಮೂಗಿಗೆ ಹೊಡೆದದ್ದೇ ತಡ, ಕಾಫಿ ಲೋಟ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನಗೆ ವಾರ್ನಿಷ್ ಎಂದರೆ ತಾತ. ಅವರ ಅಂಗಿ, ಉಗುರಿನ ಸಂದಿ, ನನ್ನ ಕೆನ್ನೆ ಹಿಂಡುವ ಬೆರಳು ಎಲ್ಲಕ್ಕೂ ಅದೇ ವಾಸನೆ. ಹಬ್ಬದ ದಿನ ಹೋಳಿಗೆ ತಟ್ಟುತ್ತಿದ್ದ ಅಜ್ಜಿ, "ಅತ್ತ ಓಗಿ, ಊರ್ಣಕ್ಕೆಲ್ಲ ನಿಮ್ ಬಣ್ಣದ್ ನಾತ ಇಡೀತದೆ" ಎಂದು ಅವರನ್ನು ಅಡುಗೆಮನೆಯಿಂದ ಅಟ್ಟುತ್ತಿದ್ದಳು. ಆ ಅಡುಗೆಮನೆ, ಆ ಮನೆ, ಆ ಊರು ಈಗ ಹೇಮಾವತಿಯ ಹಿನ್ನೀರಿನ ತಳದಲ್ಲಿವೆ.

ಯುದ್ಧದ ಕಾಲದಲ್ಲಿ ತಾತ ಬೆಂಗಳೂರಿನ ವಿಮಾನದ ಕಾರ್ಖಾನೆಯೊಂದರಲ್ಲಿ ಮರಗೆಲಸಕ್ಕಿದ್ದರು. ನೀರಿನ ಮೇಲೆ ಇಳಿದು ನೀರಿನಿಂದಲೇ ಏಳುವ ವಿಮಾನಗಳಿದ್ದವಂತೆ, ದೋಣಿಯ ಹೊಟ್ಟೆಗೆ ರೆಕ್ಕೆ ಕೂಡಿಸಿದಂಥವು. ಅಂಥದೊಂದನ್ನು ಹೊಸದಾಗಿ ಕಟ್ಟುವ ಮೊದಲು ಅದರ ಪಡಿಯಚ್ಚಿನಂಥ, ಎಂಜಿನ್ ಇಲ್ಲದ ಪುಟ್ಟ ಗ್ಲೈಡರನ್ನು ಮರದಲ್ಲಿ ಮಾಡಿ ಕೆರೆಯ ಮೇಲೆ ಹಾರಿಬಿಟ್ಟು ನೋಡುತ್ತಿದ್ದರಂತೆ. ಚಿಕ್ಕದು ಮೂಗು ಮುಳುಗಿಸಿದರೆ ದೊಡ್ಡದೂ ಮುಳುಗಿಸುತ್ತದೆ, ಚಿಕ್ಕದು ನೆಟ್ಟಗೆ ಕೂತರೆ ದೊಡ್ಡದೂ ಕೂರುತ್ತದೆ. ಆ ಚಿಕ್ಕ ಮಾಡೆಲನ್ನು 'ಮಾಡ್ಲು' ಎನ್ನುತ್ತಿದ್ದ ತಾತ ಇದನ್ನು ದೇವರ ಮಾತಿನಷ್ಟು ನಂಬಿದ್ದರು. ಊರಿಗೆ ಮರಳಿ ಬೇಸಾಯಕ್ಕೆ ನಿಂತ ಮೇಲೂ ಗ್ಲೈಡರ್ ಮಾಡುವುದನ್ನು ಬಿಡಲಿಲ್ಲ. ಸಂಜೆ ನನ್ನನ್ನು ಹೊಳೆದಂಡೆಗೆ ಕರೆದೊಯ್ದು ದಿಣ್ಣೆಯ ಮೇಲಿಂದ ಒಂದನ್ನು ಬಿಡುವರು. ಅದು ಸದ್ದಿಲ್ಲದೆ ಇಳಿದು, ನೀರನ್ನು ತೆಳ್ಳಗೆ ಗೀರಿಕೊಂಡು ಹೋಗಿ ನಿಲ್ಲುವುದು. ಬಟ್ಟೆ ಒಗೆಯುವ ಹೆಂಗಸರು, "ಇಮಾನದ್ ಗೌಡ್ರು ಬಂದ್ರು ಕಣ್ರವ್ವ" ಎಂದು ನಗುವರು. ನಾನು ಲಂಗ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿಗಿಳಿದು ಅದನ್ನು ತರುತ್ತಿದ್ದೆ. ಅಷ್ಟು ಸುಖ ನನಗೆ ಆಮೇಲೆ ಯಾವುದರಲ್ಲೂ ಸಿಕ್ಕಿಲ್ಲ.

ಗೊರೂರಿನ ಹತ್ತಿರ ಅಣೆಕಟ್ಟು ಏಳತೊಡಗಿದಾಗ ಪಕ್ಕದ ಶೆಟ್ಟಿಹಳ್ಳಿಯವರೂ ನಮ್ಮೂರಿನವರೂ ಮನೆ ಬಿಚ್ಚಲು ಶುರುಮಾಡಿದರು. ಹೆಂಚು ಇಳಿಸಿ, ಕಂಬ ತೊಲೆ ಕಿತ್ತು, ಬಾಗಿಲುವಾಡ ಸಮೇತ ಗಾಡಿಗೆ ಹೇರಿಕೊಂಡು ಅರಕಲಗೂಡಿನ ಕಡೆ ಹೊರಟರು. ಅಪ್ಪನೂ ಅವಸರ ಮಾಡಿದರು. "ನಮ್ಮನೆ ಮ್ಯಾಗ್ಲ ದಿಣ್ಣೇಲಿ ಸರ್ವೇನೋರು ಕಲ್ಲು ನೆಟ್ಟವ್ರೆ ಕಣಪ್ಪ. ಅಲ್ಲೀಗಂಟ ನೀರ್ ಬತ್ತದಂತೆ. ತೊಲೆ ಬಿಚ್ಚಾನ." ತಾತ ಬಗ್ಗಲಿಲ್ಲ. "ಕಲ್ಲು ನೆಡೋನು ಲೆಕ್ಕ ತಪ್ತಾನೆ ಕಣ್ಲಾ, ಮಾಡ್ಲು ತಪ್ಪಕ್ಕಿಲ್ಲ" ಎಂದವರೇ ಕಣದಲ್ಲಿ ಕೆಮ್ಮಣ್ಣು ಕಲಸಿ ಇಡೀ ಸೀಮೆಯನ್ನು ಚಿಕ್ಕದು ಮಾಡಿ ಕೂರಿಸಿದರು. ಗುಡ್ಡ, ಹೊಳೆ, ಇಟ್ಟಿಗೆಯ ಅಣೆಕಟ್ಟು, ಮರದ ಚೂರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು, ದಿಣ್ಣೆಯ ಕೆಳಗೆ ಬೆಂಕಿಪೊಟ್ಟಣದಷ್ಟು ನಮ್ಮ ಮನೆ. ಅಜ್ಜಿ ಕೊಡದಲ್ಲಿ ನೀರು ತಂದು ತಂದು ಹೊಯ್ದಳು. ಊರೆಲ್ಲ ಸುತ್ತ ನಿಂತಿತ್ತು. ನೀರು ಏರಿ ಚರ್ಚನ್ನು ಮುಟ್ಟಿತು, ನಮ್ಮ ಗದ್ದೆಯನ್ನು ನುಂಗಿತು, ಮನೆಯ ಬಾಗಿಲಿಗೆ ಗೇಣು ದೂರದಲ್ಲಿ ನಿಂತುಬಿಟ್ಟಿತು. ಇನ್ನೊಂದು ಕೊಡ ಹೊಯ್ದರೂ ಅಲ್ಲಾಡಲಿಲ್ಲ. ತಾತನ ಮುಖ ಆವತ್ತು ಹೇಗಿತ್ತೆಂದರೆ, ಮದುವೆ ಮನೆಯ ಯಜಮಾನನ ಮುಖವೂ ಹಾಗಿರುವುದಿಲ್ಲ. ನಾನಂತೂ ಚಪ್ಪಾಳೆ ತಟ್ಟಿ ಕುಣಿದೆ. ಅಪ್ಪ ಒಬ್ಬರೇ ಹಲ್ಲು ಕಚ್ಚಿಕೊಂಡು ಎದ್ದುಹೋದರು.

ಆ ಬೇಸಿಗೆಯೆಲ್ಲ ಊರಿನಲ್ಲಿ ನಮ್ಮದೊಂದೇ ಸೂರು. ಸುತ್ತ ಬರೀ ಬೋಳು ಗೋಡೆಗಳು, ವಾರಸುದಾರರಿಲ್ಲದ ನಾಯಿಗಳು. ಅಜ್ಜಿ ಎಂದಿನಂತೆ ನೆಲ ಸಾರಿಸಿದಳು, ಅಂಗಳದಲ್ಲಿ ಸಂಡಿಗೆ ಒಣಗಿಸಿದಳು. ಮಳೆಗಾಲ ಬಂತು. ನೀರು ಚರ್ಚನ್ನು ಮುಟ್ಟಿತು, ಗದ್ದೆಯನ್ನು ನುಂಗಿತು, ಆದರೆ ಗೇಣು ದೂರದಲ್ಲಿ ನಿಲ್ಲಲಿಲ್ಲ. ಜಗಲಿ ಹತ್ತಿತು. ಅಪ್ಪ ಗಾಡಿ ಹೂಡಿ ರಾಗಿ ಚೀಲ, ಪಾತ್ರೆ, ದೇವರ ಪಟ, ನನ್ನನ್ನು ಹೇರಿಕೊಂಡರು. ತೊಲೆ ಬಿಚ್ಚಲು ಹೊತ್ತೂ ಇರಲಿಲ್ಲ, ಆಳೂ ಇರಲಿಲ್ಲ. ತಾತನ ತಂದೆ ನಿಲ್ಲಿಸಿದ್ದ ಬೀಟೆಯ ಕಂಬಗಳು ನೀರಿನಲ್ಲೇ ನಿಂತವು. ಅರಕಲಗೂಡಿನ ಕಡೆಯ ಹೊಸ ಜಾಗದಲ್ಲಿ ಎಲ್ಲರ ಮನೆಗೂ ಹಳೆಯ ಮನೆಯ ಬಾಗಿಲಿತ್ತು. ನಮಗೆ ಮಾತ್ರ ತಗಡಿನದು. ಅಪ್ಪ ತಾತನ ಜೊತೆ ಮಾತು ಬಿಟ್ಟರು. ತಾತ ಎಲ್ಲರ ಜೊತೆಯೂ ಬಿಟ್ಟರು. ಅನ್ನದ ತಟ್ಟೆಯ ಮುಂದೆ ಕೂತು ಕೈ ಹಾಕದೆ ಏಳುತ್ತಿದ್ದರು. ಮಗುವಾಗಿದ್ದರೂ ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಜ್ಜಿ ಹಟ ಹಿಡಿದು ತಾತನನ್ನು ಅಲ್ಲಿಗೆ ಹೊರಡಿಸಿದಳು. ನಾನೂ ಹೋಗಿದ್ದೆ. ಮಣ್ಣಿನ ಗೋಡೆಗಳು ಕರಗಿ ದಿಬ್ಬವಾಗಿದ್ದವು, ಕಂಬಗಳನ್ನು ಯಾರೋ ಕೊಯ್ದುಕೊಂಡು ಹೋಗಿದ್ದರು. ತಾತ ಬಿರುಕು ಬಿಟ್ಟ ಕೆಸರಿನ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ಒಂದು ಹೆಂಟೆ ಎತ್ತಿ ಪುಡಿಮಾಡುತ್ತ, "ಆವತ್ತು ಕಣದ್ ಮಣ್ಣು ನೀರ ಕುಡ್ಕತು ಕಣೆ. ಅದ್ಕೇ ಅಲ್ಲಿ ನಿಂತ್ಕತು. ಅಷ್ಟೂ ಒಳೀನಿಲ್ಲ ನಂಗೆ" ಎಂದರು.

ಅಜ್ಜಿ ಅವರ ಪಕ್ಕದಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀರು ಉಯ್ದೋಳು ನಾನಲ್ವ? ನೆಲ ಕುಡೀತಿದ್ದುದು ನಂಗೆ ಕಾಣ್ತಿತ್ತು. ನಾನು ಬಾಯ್ಬುಟ್ಟಿದ್ರೆ ಆವತ್ತೇ ಎಂಚು ಇಳಿಸ್ಬುಡೋರು" ಎಂದಳು. "ಇನ್ನೊಂದ್ ಬ್ಯಾಸ್ಗೆ ನಮ್ಮನೇಲಿ ಇದ್ವಲ್ಲ, ಬುಡಿ."