ಗಂಜಿ ಕಾಲರಿನ ಸಭಾ ಹಿರಿಯರು

ಅವರ ಅಂಗಿಯ ಕಾಲರು ಎಷ್ಟು ಗಂಜಿ ಕುಡಿದಿರುತ್ತಿತ್ತೆಂದರೆ, ಪಕ್ಕಕ್ಕೆ ನೋಡಬೇಕಾದರೆ ಕತ್ತು ತಿರುಗುತ್ತಿರಲಿಲ್ಲ, ಇಡೀ ಮೈಯನ್ನೇ ತಿರುಗಿಸಬೇಕಾಗುತ್ತಿತ್ತು. ಹಿಂದಕ್ಕೆ ನೋಡುವ ಕಷ್ಟವನ್ನಂತೂ ಅವರು ಎಂದೂ ತೆಗೆದುಕೊಂಡವರಲ್ಲ. ಶಹಾಬಾದಿನ ನಮ್ಮ ಚರ್ಚಿನಲ್ಲಿ ಹಿಂದೆ ಚಾಪೆಯ ಮೇಲೆ ಕೂಡುತ್ತಿದ್ದವರು ಪರ್ಸಿ ಎಂಬ ಹಾಸುಗಲ್ಲಿನ ಗಣಿಯಲ್ಲಿ ಕಲ್ಲು ಒಡೆಯುವವರು. ಮುಂದಿನ ಬೆಂಚು ಸಭೆಯ ಹಿರಿಯರಾದ ಇವರದು.

ಮೈಸೂರು ರಾಜ್ಯವಿದ್ದ ಕಾಲ ಅದು. ಸಭೆಯ ಇತಿಹಾಸ ಹೇಳುವ ಗುತ್ತಿಗೆಯನ್ನೂ ಅವರೇ ಹಿಡಿದಿದ್ದರು. ಅದು ಪ್ರತಿ ಸಲವೂ ಅವರ ತಂದೆ ದಾನ ಕೊಟ್ಟ ಗಂಟೆಯಿಂದಲೇ ಶುರುವಾಗುತ್ತಿತ್ತು. ಮೊದಲ ಪ್ರಾರ್ಥನೆ ನಡೆದದ್ದು ಗಣಿ ಓಣಿಯ ಒಂದು ಗುಡಿಸಲಲ್ಲಿ, ಚರ್ಚಿನ ಗೋಡೆಗೆ ಕಲ್ಲು ಹೊತ್ತವರು ಆ ಓಣಿಯ ಹೆಂಗಸರು ಎಂಬುದು ಅವರ ಇತಿಹಾಸಕ್ಕೆ ಗೊತ್ತಿರಲಿಲ್ಲ.

"ಗ್ವಾಡಿ ಇಲ್ದೆ ಗಂಟಿ ಯಾವುದಕ್ಕ ಕಟ್ಟಿದ್ರೋ ಏನೋ," ಎಂದು ನಮ್ಮಪ್ಪ ಗೊಣಗುತ್ತಿದ್ದರು, ಅವರಿಗೆ ಕೇಳಿಸದ ಹಾಗೆ.

ಸುಗ್ಗಿ ಹಬ್ಬದಲ್ಲಿ ಮನೆಮನೆಯವರು ತಂದ ಕಾಣಿಕೆಯನ್ನು ಪ್ರಾರ್ಥನೆ ಮುಗಿದ ಮೇಲೆ ಹರಾಜು ಹಾಕುವುದು ನಮ್ಮಲ್ಲಿ ರೂಢಿ. ಕಾಳು, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಕೂಗುವವರು ಹಿರಿಯರೇ. ಒಂದು ವರ್ಷ ಮೊದಲ ಪ್ರಾರ್ಥನೆ ನಡೆದ ಆ ಗುಡಿಸಲಿನ ಮುದುಕಿ, ನಾವೆಲ್ಲ ಆಯಿ ಅನ್ನುತ್ತಿದ್ದವಳು, ಒಂದು ಬುಟ್ಟಿ ಸಜ್ಜೆ ರೊಟ್ಟಿ ತಂದಳು. ಗಂಡ ಸತ್ತ ಮೇಲೆ ಆಕೆ ತಂದ ಮೊದಲ ಕಾಣಿಕೆ. ಹಿರಿಯರು ಬುಟ್ಟಿಯನ್ನು ಬೂಟಿನ ತುದಿಯಿಂದ ಪಕ್ಕಕ್ಕೆ ಸರಿಸಿದರು. ಶಿಲುಬೆ ಹಿಡಿದರೂ ಅಜ್ಜನ ಜಾತಿಯನ್ನು ಅವರು ಬಿಟ್ಟಿರಲಿಲ್ಲ.

"ಮಾಡಿದ ಅಡಿಗಿ ಹರಾಜಿಗಿ ನಡ್ಯಾಂಗಿಲ್ಲವ್ವ."

"ಅದೇನ್ರಿ ಸಾಹೇಬ್ರ, ನಿಮ್ಮ ಕೈಯಾಗಿನ ಕೇಕು ಹಸೀದೇನು?"

ಫ್ಯಾಕ್ಟರಿ ಮ್ಯಾನೇಜರರ ಹೆಂಡತಿ ತಂದ ಕೇಕು ಅವರ ಕೈಯಲ್ಲಿತ್ತು.

"ಕೇಕ್ ಬ್ಯಾರೆ. ಅದು ಒಲಿ ಮ್ಯಾಲಿಂದಲ್ಲ, ಡಬ್ಬಿ ಒಳಗ ಬೆಂದಿದ್ದು."

"ಯೇಸುಸ್ವಾಮಿ ಐದು ರೊಟ್ಟಿ ಹಂಚಿದ್ನಲ್ರಿ, ಅವು ಯಾವ ಡಬ್ಬ್ಯಾಗ ಬೆಂದಿದ್ವು?"

ಚಾಪೆಯ ಕಡೆಯಿಂದ ನಗೆ ಎದ್ದಿತು. ಹಿರಿಯರು ಅತ್ತ ತಿರುಗದೆ ಕೇಕಿನ ಬೆಲೆ ಕೂಗಿದರು. ಆಯಿ ಬುಟ್ಟಿ ಎತ್ತಿಕೊಂಡು ಹೊರಗೆ ನಡೆದಳು. ಹಿಂದೆಯೇ ಗಣಿ ಓಣಿಯೆಲ್ಲ ಎದ್ದು ಹೋಯಿತು. ಅಂದಿನಿಂದ ಅವರ ಪ್ರಾರ್ಥನೆ ಮತ್ತೆ ಗುಡಿಸಲಿನಲ್ಲೇ.

"ಗದ್ದಲ ಕಮ್ಮಿ ಆತು," ಎಂದರು ಹಿರಿಯರು, ಖಾಲಿ ಚಾಪೆಗಳನ್ನು ಸುತ್ತಿಸಿಡುತ್ತ.

ಅವರು ತೀರಿಕೊಂಡದ್ದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ, ಒಂದು ಬೇಸಿಗೆಯಲ್ಲಿ. ನಮ್ಮ ಸ್ಮಶಾನದಲ್ಲಿ ಮೇಲೆ ಒಂದಿಷ್ಟು ಮಣ್ಣು, ಕೆಳಗೆಲ್ಲ ಹಾಸುಗಲ್ಲು. ಗಣಿಯವರ ಹಾರೆ ಬೀಳದೆ ಅಲ್ಲಿ ಕುಣಿ ಇಳಿಯುವುದಿಲ್ಲ. ಮುಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹಿರಿಯರ ಮಗನೇ ಹೋಗಿ ಆಯಿಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. ಆಕೆ ಓಣಿಯ ಗಂಡಾಳುಗಳನ್ನು ಕಳಿಸಿದಳು, ತಾನೂ ಕೋಲೂರುತ್ತ ಬಂದಳು. ಕುಣಿಯೊಳಗೆ ಇಣುಕಿ ನೋಡಿದಳು.

"ಇನ್ನೊಂದು ಗೇಣು ಇಳಸ್ರೋ. ಸಾಹೇಬ್ರಿಗಿ ಎಲ್ಲಾರ್ಕಿಂತ ಮ್ಯಾಲ ಕುಂದ್ರೋ ಚಟ ಭಾಳ."

ಹಾರೆ ಹಿಡಿದವರು ನಗುತ್ತಲೇ ಇನ್ನೊಂದು ಗೇಣು ಇಳಿಸಿದರು. ಆಮೇಲೆ ಪಾಸ್ಟರು ಬಂದು, ಸಭೆಯನ್ನು ಕಟ್ಟಿ ಬೆಳೆಸಿದ ಮಹನೀಯರು ಎಂದು ಅವರನ್ನು ಹೊಗಳಿದರು. ಮುಂದಿನ ಬೆಂಚಿನವರಷ್ಟೇ ಆಮೆನ್ ಅಂದರು.