ಅಕ್ಕ ಕಂಡ ಕೆಂಪು ಲೈಟು

ನನ್ನ ಸೈಕಲ್ಲಿನ ಹಿಂದಿನ ಲೈಟು ಮೂರು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿಲ್ಲವೆಂದು ಆಫೀಸಿನ ಸೈಕಲ್ ಗುಂಪಿನಲ್ಲಿ ಈಗಲೂ ಹೇಳುತ್ತಾರೆ. ಹೊಗಳಿಕೆಯನ್ನು ಸುಮ್ಮನೆ ಜೇಬಿಗಿಳಿಸಬಹುದಿತ್ತು. ಆದರೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳು ನಾನು. ಮೊದಲು ಕೇಳಬೇಕಾದದ್ದು: ನೋಡಿದವರು ಯಾರು?

ನಾನಂತೂ ಅಲ್ಲ. ಅದು ಕತ್ತಲಲ್ಲಿ ಸೈಕಲ್ ಓಡಿದರೆ ತಾನೇ ಹತ್ತುವ, ನಿಂತ ಕ್ಷಣ ಆರುವ ಜಾತಿ. ಓಡಿಸುವಾಗ ನಾನು ಮುಂದೆ ನೋಡಬೇಕು, ಇಳಿದು ನೋಡಿದರೆ ಅದು ಮಲಗಿರುತ್ತದೆ. ಚಾರ್ಜಿಗೆ ಹಾಕಿದಾಗ ಹಸಿರು ಚುಕ್ಕಿಯೊಂದು ಕಾಣುತ್ತಿತ್ತು, ಅಷ್ಟೇ. ಉಳಿದ ಸಾಕ್ಷ್ಯವೆಲ್ಲ ಅಕ್ಕನದು. ಇಬ್ಬರದೂ ಒಂದೇ ಟೆಕ್ ಪಾರ್ಕು. ಸಂಜೆ ಕಾಡುಗೋಡಿಯ ಬಾಡಿಗೆ ಮನೆವರೆಗೆ ಅವಳು ಸ್ಕೂಟರಿನಲ್ಲಿ ನನ್ನ ಬೆನ್ನಿಗೇ ಬರುತ್ತಿದ್ದಳು. ನೀರಿನ ಟ್ಯಾಂಕರುಗಳ ಭಯ ಅವಳಿಗೆ. ಹಾಗಾಗಿ ಷರತ್ತು ಹಾಕಿದ್ದಳು: "ಲೈಟ್ ಆರಿದ ದಿನ ಸೈಕಲ್ ಮಾರಿಬಿಡ್ತೀನಿ. ನನ್ ಹಿಂದೆ ಕೂತ್ಕೊಂಡ್ ಬರ್ಬೇಕು."

ಅವಳ ಹಿಂದೆ ಕೂರುವುದೆಂದರೆ ಮನೆ ತಲುಪುವವರೆಗೂ ನನ್ನ ಮದುವೆಯ ಮಾತು ಕೇಳುವುದು. ಅದಕ್ಕೇ ದಿನವೂ ಮನೆಯ ಗೇಟಿನಲ್ಲಿ ವಿಚಾರಿಸುತ್ತಿದ್ದೆ.

"ಉರೀತಿತ್ತಾ?"

"ಸಕ್ಕತ್ತಾಗ್ ಉರೀತಿತ್ತು ಕಣೇ."

ಕಳೆದ ತಿಂಗಳು ದಾರಿಯಲ್ಲಿ ಸಿಗುವ ಹೂಡಿಯಲ್ಲಿ ಪೈಪು ಹಾಕಲು ರಸ್ತೆ ಅಗೆದಿದ್ದರು. ಅಕ್ಕ ಜಾಮಿನಲ್ಲಿ ಸಿಕ್ಕಿಕೊಂಡಳು, ನಾನು ಸಂದಿಯಲ್ಲಿ ನುಸುಳಿ ಮುಂದೆ ಹೋದೆ. ಹಿಂದೆ ಹಳೆಯ ಸೈಕಲ್ಲಿನಲ್ಲಿ, ಲೈಟೇ ಇಲ್ಲದೆ ಬರುತ್ತಿದ್ದ ಕಟ್ಟಡ ಕೆಲಸದವರೊಬ್ಬರು ಕೂಗಿದರು.

"ಅಕ್ಕಾರ, ನಿಮ್ ಲೈಟ್ ಹತ್ತಿಲ್ ನೋಡ್ರಿ."

"ಹತ್ತಿದೆ ಅಣ್ಣಾ. ಮೂರು ವರ್ಷದ ಸಾಕ್ಷಿ ಇದೆ."

"ಸಾಕ್ಷಿ ಇರ್ಲಿ ಬಿಡ್ರಿ. ಲೈಟ್ ಇಲ್ಲ."

ನಿಂತು ವಾದ ಮಾಡಿದೆ. ನಿಮ್ಮ ಸೈಕಲ್ಲಿಗೇ ಲೈಟಿಲ್ಲವಲ್ಲ ಎಂದೂ ಕುಟುಕಿದೆ. ಅಷ್ಟರಲ್ಲಿ ಅಕ್ಕ ಬಂದಳು. ದೂರು ಕೇಳಿ ಅವಳಿಗೆ ರೇಗಿತು. "ಓಡ್ಸೇ ನೋಡೋಣ," ಎಂದಳು. ಹತ್ತು ಮಾರು ಓಡಿಸಿದೆ.

"ನೋಡ್ರೀ, ಉರೀತಿದೆ!"

ಆತ ತಲೆ ಕೆರೆದುಕೊಂಡರು. "ನಿಮ್ ಗಾಡಿ ಲೈಟ್ ಸ್ವಲ್ಪ ಆರಸ್ರಿ."

ಆರಿಸುವಂತಿಲ್ಲ, ಹೊಸ ಮಾದರಿಯ ಸ್ಕೂಟರು, ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟು ಉರಿಯುತ್ತಲೇ ಇರುತ್ತದೆ. ಅಕ್ಕ ಎಂಜಿನ್ನನ್ನೇ ಆರಿಸಿದಳು. ನಾನು ಮತ್ತೆ ಓಡಿಸಿದೆ. "ಅಯ್ಯೋ, ಕಾಣ್ತಿಲ್ವಲ್ಲೇ!" ಎಂದಳು ಅಕ್ಕ. ಎಂಜಿನ್ ಶುರುವಾಯಿತು. "ಈಗ ಉರೀತಿದೆ!" ಆರಿತು. "ಇಲ್ಲ." ಮತ್ತೆ ಶುರು. "ಉರೀ..."

"ನಿಮ್ ಬೆಳಕೇ ಅದರ ಕೆಂಪು ಗಾಜಿಗೆ ಬಿದ್ದು ಹೊಳೀತೈತ್ರೀ ಅಕ್ಕಾರ," ಎಂದು ಆತ ನಗುತ್ತ ಪೆಡಲ್ ತುಳಿದು ಹೋದರು.

ಮೂರು ವರ್ಷ ಅಕ್ಕ ತನ್ನ ಹೆಡ್‌ಲೈಟಿಗೇ ಪ್ರಮಾಣಪತ್ರ ಕೊಡುತ್ತಿದ್ದಿರಬಹುದು. ಮೊದಲ ವರ್ಷ ನಿಜವಾಗಿಯೂ ಉರಿದಿರಲೂಬಹುದು. ಎರಡರಲ್ಲಿ ಯಾವುದನ್ನೂ ಸಾಬೀತು ಮಾಡಲಾಗದು. ಅಕ್ಕನಿಗೆ ಆ ಜಿಜ್ಞಾಸೆ ಬೇಕಿರಲಿಲ್ಲ.

"ಮುಗೀತು. ಭಾನುವಾರ ಸೈಕಲ್ ಮಾರೋದೇ," ಎಂದು ಹೆಲ್ಮೆಟ್ ಬಿಗಿದಳು.

ನಾನು ಸ್ಕೂಟರಿಗೆ ಅಡ್ಡ ನಿಂತೆ. "ನೀನ್ ಹೇಳಿದ್ದು ಲೈಟ್ ಆರಿದ ದಿನ ಮಾರ್ತೀನಿ ಅಂತ ಅಲ್ವಾ ಅಕ್ಕಾ? ಸರಿ, ಅದು ಆರಿದ್ದು ಯಾವತ್ತು, ಹೇಳು?"