ತೊಟ್ಟಿಲು ಕಟ್ಟುವ ತೊಲೆ

ಹುಟ್ಟಾ ಪುಕ್ಕಲಿ ನಾನು. ಬಸ್ಸು ಸೇತುವೆ ದಾಟುವಾಗಲೂ ಕಣ್ಣು ಮುಚ್ಚಿಕೊಳ್ಳುವವಳು. ಅಂಥವಳ ತಲೆಗೆ ಮನೆ ಮಾರುವ ಕೆಲಸ ಬಿತ್ತು. ನನ್ನವರಿಗೆ ಹಾಸನದಲ್ಲಿ ಡಯಾಲಿಸಿಸ್. ಹೊಳೆನರಸೀಪುರಕ್ಕೆ ವಾಪಸು ಬರುವಷ್ಟರಲ್ಲಿ ಬಸ್ಸಿನ ಸೀಟಿನಲ್ಲೇ ಕುಸಿದುಬಿಡುತ್ತಿದ್ದರು. ಆಸ್ಪತ್ರೆಯ ಹತ್ತಿರ ಒಂದು ಪುಟ್ಟ ಮನೆಗೆ ಅಡ್ವಾನ್ಸ್ ಕೊಟ್ಟಿದ್ದೆವು. ಇಲ್ಲಿ ಒಳ್ಳೆ ಬೆಲೆ ಬಾರದಿದ್ದರೆ ಅದು ಕೈತಪ್ಪುವುದು ಖಂಡಿತ.

ಆದರೆ ನಮ್ಮ ನಡುಮನೆಯ ತೊಲೆಗೆ ಗೆದ್ದಲು ಹಿಡಿದಿತ್ತು. ಜೇಡರ ಬಲೆ ತೆಗೆಯುವ ಕೋಲು ತಗುಲಿದರೂ ಟೊಳ್ಳು ಸದ್ದು. ನೋಡಲು ಬಂದವರೆಲ್ಲ, "ಕೆಡವೋ ಮನೆ, ಸೈಟಿನ ರೇಟು ಕೊಡ್ತೀವಿ" ಅನ್ನುವವರೇ. ದಲ್ಲಾಳಿ ಉಪಾಯ ಹೇಳಿಕೊಟ್ಟ: "ಪೇಂಟ್ ಹೊಡೆಸಿ ಮೇಡಂ. ಬಾಯಿ ಮಾತ್ರ ಬಿಡಬೇಡಿ."

ಹೊಡೆಸಿದೆ. ಕಡುಗಂದು ಎನಾಮಲ್ ಬಳಿದ ತೊಲೆ ತೇಗದ ಹಾಗೆ ಮಿರಮಿರ ಮಿಂಚಿತು. ಅಂದಿನಿಂದ ನಾನು ಅದರ ಕೆಳಗೆ ಊಟದ ಎಲೆ ಹಾಕಲಿಲ್ಲ.

ಹಳೇಕೋಟೆ ಕಡೆಯ ರೈತರೊಬ್ಬರು ತಾಯಿ ಮತ್ತು ಬಸುರಿ ಹೆಂಡತಿಯೊಂದಿಗೆ ಬಂದರು. ಪೇಟೆಯಲ್ಲಿ ಗೊಬ್ಬರದಂಗಡಿ ಹಾಕುವವರಂತೆ. ಅಡುಗೆಮನೆ, ಬಾವಿ ಎಲ್ಲ ಒಪ್ಪಿಗೆಯಾಯಿತು. ಅಜ್ಜಿ ಮಾತ್ರ ನಡುಮನೆಯಲ್ಲಿ ನಿಂತು ತಲೆ ಎತ್ತಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾನು ದಲ್ಲಾಳಿಯ ಮುಖ ನೋಡಿದೆ. ಅವನು ಕಣ್ಣಲ್ಲೇ ಗದರಿಸಿದ.

ಅಜ್ಜಿ ನೋಡುತ್ತಿದ್ದದ್ದು ತೊಲೆಯ ಕಬ್ಬಿಣದ ಕೊಂಡಿಯನ್ನು. ನನ್ನ ಮಕ್ಕಳ ತೊಟ್ಟಿಲು ತೂಗಿದ್ದು ಅದರಲ್ಲೇ.

"ಇಲ್ಲೇ ತೊಟ್ಲು ಕಟ್ಟಾದು ಕಣ್ಲಾ," ಅಂದರು ಮಗನಿಗೆ. "ಮೊದ್ಲು ಗುಂಡುಕಲ್ಲು ಮಲಗ್ಸಿ ತೂಗಾಣ, ಆಮ್ಯಾಕೆ ಕೂಸು."

ನಮ್ಮಲ್ಲೂ ಅದೇ ಶಾಸ್ತ್ರ, ಮಗುವಿಗೆ ಮುಂಚೆ ರುಬ್ಬುವ ಗುಂಡು. ಕಲ್ಲನ್ನು ಈ ತೊಲೆ ತಡೆದೀತು. ಅದೇ ನನಗೆ ಇನ್ನಷ್ಟು ಭಯ ಹುಟ್ಟಿಸಿದ್ದು. ಕಲ್ಲು ತಡೆಯಿತು ಅಂತ ನಂಬಿ ಕೂಸನ್ನು ಮಲಗಿಸುತ್ತಾರೆ. ಒಂದು ಮಧ್ಯಾಹ್ನ, ತಾಯಿ ಒಲೆಯ ಮುಂದಿರುವಾಗ... ಹಾಸನದ ಮನೆ, ಬಸ್ಸಿನಲ್ಲಿ ನನ್ನವರ ಬಿಳಿಚಿದ ಮುಖ, ಎಲ್ಲ ಕಣ್ಣ ಮುಂದೆ ಬಂದವು. ಆದರೂ ಬಾಯಿ ತಡೆಯಲಿಲ್ಲ.

"ಅಲ್ಲಿ ಕಟ್ಟಬೇಡಿ! ಗೆದ್ದಲು ತಿಂದಿದೆ."

ದಲ್ಲಾಳಿ ಹಣೆ ಚಚ್ಚಿಕೊಂಡ. ಮಗ ಸ್ಟೂಲು ಹತ್ತಿ ಚಾಕು ಚುಚ್ಚಿದರು. ಹಿಡಿಯವರೆಗೂ ಇಳಿಯಿತು. ಬಸುರಿ ಹೆಣ್ಣುಮಗಳು ಸರಕ್ಕನೆ ಬಾಗಿಲಿಗೆ ಸರಿದಳು. ಎಲ್ಲ ಮುಗಿಯಿತು ಅಂದುಕೊಂಡೆ. ಕಂಬ ಹಿಡಿದುಕೊಂಡೆ.

ಅಜ್ಜಿ ನನ್ನನ್ನೇ ನೋಡುತ್ತಿದ್ದರು. "ಇನ್ನೂ ಏನೇನು ಕೆಟ್ಟದೆ, ಅದ್ನೂ ಯೋಳ್ಬುಡವ್ವ."

ಸೋರುವ ಹೆಂಚು, ಬಿರಿದ ಹಿತ್ತಿಲ ಗೋಡೆ, ಎಲ್ಲ ತೋರಿಸಿದೆ. ಮಗ ಸೈಟಿನ ರೇಟಿಗೆ ಇಳಿದರು. ಅಜ್ಜಿ ಬಿಡಲಿಲ್ಲ. "ಸುಮ್ಕಿರ್ಲಾ. ನೋಡಿದ್ ಮನೇಲೆಲ್ಲಾ ಏನೇನ್ ಮುಚ್ಚವ್ರೋ ಯಾರ್ ಕಂಡವ್ರೆ? ಇಲ್ಲಿ ಗೊತ್ತಾಯ್ತಲ್ಲ. ರಿಪೇರಿ ಖರ್ಚು ಮುರ್ಕಂಡು ಮನೆ ರೇಟೇ ಕೊಡು." ಕೇಳಿದ್ದಕ್ಕಿಂತ ಕಡಿಮೆಯಾಯಿತು, ಹಾಸನದ ಮನೆಗೆ ಹೇಗೋ ಸಾಲಿತು.

ನಾಮಕರಣಕ್ಕೆ ಕರೆದರು. ಹೊಸ ತೊಲೆ, ಅದೇ ಹಳೇ ಕೊಂಡಿ. ಗುಂಡುಕಲ್ಲು ತೂಗುವಾಗ ಎಲ್ಲರೂ ಹಾಡುತ್ತಿದ್ದರು, ನಾನು ಮೇಲೆ ನೋಡುತ್ತಿದ್ದೆ. ಅಜ್ಜಿ ಕೂಸನ್ನು ತಂದು ನನ್ನ ಕೈಗೇ ಇಟ್ಟರು.

"ನೀನೇ ಮಲಗ್ಸವ್ವ. ನೀನ್ ಮಲಗ್ಸುದ್ರೆ ನಂಗೆ ಧೈರ್ಯ."

ಮಲಗಿಸಿದೆ. ಹಾಡು ಮುಗಿಯುವವರೆಗೂ ತೊಟ್ಟಿಲ ಅಡಿಯಿಂದ ಕೈ ತೆಗೆಯಲಿಲ್ಲ.